ಅಳತೆಯ ಜೊತೆಗೆ ಅದರ ವಿವರವೂ ಉಳಿಯಲಿ



ಈ ಖಗೋಳ ಸಮ್ಮೇಳನದ ಪೀಠದಿಂದ ಹೊಸ ಶೋಧಗಳ ಬಗ್ಗೆ ಮಾತಾಡುವುದು ವಾಡಿಕೆ. ನಾನು ನಕ್ಷತ್ರಪಟ್ಟಿಗಳ ಬಗ್ಗೆ, ಅವು ಕೈಯಿಂದ ಕೈಗೆ ದಾಟಿ ಉಳಿಯುವ ಬಗೆಯ ಬಗ್ಗೆ ಮಾತಾಡಬೇಕೆಂದಿದ್ದೇನೆ.

1887ರಲ್ಲಿ ಪ್ಯಾರಿಸ್‌ನಲ್ಲಿ ಕಲೆತ ಖಗೋಳಜ್ಞರು ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಸ್ಥಾನ ಅಳೆಯಲು ನಿಶ್ಚಯಿಸಿದರು. ಆಕಾಶವನ್ನು ವಲಯಗಳಾಗಿ ಹಂಚಿಕೊಂಡರು. ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ವಲಯ ಬಂತು. ಆಗ ಬೀದರ್, ಕಲಬುರಗಿ, ರಾಯಚೂರುಗಳೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಆ ಮಟ್ಟಿಗೆ ಈ ಕೆಲಸ ಕನ್ನಡಿಗರಾದ ನಮ್ಮದೂ ಹೌದು. ಗಾಜಿನ ಫಲಕಗಳ ಮೇಲಿನ ಚುಕ್ಕೆಗಳನ್ನು ಒಂದೊಂದಾಗಿ ಅಳೆದು, ಅಂಕಿಗಳನ್ನು ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅಚ್ಚಾದದ್ದು ಫಲಕದ ಮೇಲಿನ ಅಳತೆ. ಅದನ್ನು ಆಕಾಶದ ನಿರ್ದೇಶಾಂಕಕ್ಕೆ ತಿರುಗಿಸುವ ಲೆಕ್ಕ ಓದುಗನಿಗೆ ಉಳಿದಿತ್ತು. ಒಂದೊಂದು ವೀಕ್ಷಣಾಲಯದ್ದು ಒಂದೊಂದು ಪದ್ಧತಿ. ಹೀಗಾಗಿ ಆ ಸಂಪುಟಗಳು ದಶಕಗಟ್ಟಲೆ ಕಪಾಟಿನಲ್ಲೇ ಉಳಿದವು.

ಆಮೇಲೆ ಮಾಸ್ಕೋ ಮತ್ತು ವಾಷಿಂಗ್ಟನ್ನಿನ ಖಗೋಳಜ್ಞರು ಆ ಅಂಕಿಗಳನ್ನೆಲ್ಲ ಗಣಕಕ್ಕೆ ಏರಿಸಿದರು. 1989ರಲ್ಲಿ ಹಾರಿದ ಹಿಪಾರ್ಕಸ್ ಉಪಗ್ರಹದ ಅಳತೆಗಳೊಂದಿಗೆ ಅವನ್ನು ಹೋಲಿಸಿದರು. 2000ದಲ್ಲಿ ಟೈಕೋ-2 ಪಟ್ಟಿ ಹೊರಬಂದಾಗ ಸುಮಾರು 25 ಲಕ್ಷ ನಕ್ಷತ್ರಗಳ ನಿಜಚಲನೆ, ಅಂದರೆ ಅವು ಆಕಾಶದಲ್ಲಿ ವರ್ಷವರ್ಷವೂ ಸರಿಯುವ ಪ್ರಮಾಣ, ನಮ್ಮ ಕೈಯಲ್ಲಿತ್ತು. ಎಂಥ ಉಪಗ್ರಹವನ್ನು ಹಾರಿಸಿದರೂ ಹಿಂದಿನ ಶತಮಾನದ ಆಕಾಶವನ್ನು ಅಳೆಯಲಾಗದು. ಅದನ್ನು ಹೈದರಾಬಾದಿನವರಂಥವರೇ ಅಳೆದಿಟ್ಟಿರಬೇಕು. ಫಲಕ ತೆಗೆದ ದಿನ, ಅದರ ಮಧ್ಯಬಿಂದು, ಅಳತೆಯ ಸ್ಥಿರಾಂಕ ಇವನ್ನು ಅವರು ಬರೆದಿಟ್ಟದ್ದರಿಂದಲೇ ಆ ಶ್ರಮ ಫಲ ಕೊಟ್ಟಿತು.

ಈ ವಿವರಗಳು ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಭೂಮಿಯ ಅಕ್ಷದ ಅಯನಚಲನೆಯಿಂದ ನಿರ್ದೇಶಾಂಕಗಳು ವರ್ಷಕ್ಕೆ ಸುಮಾರು 50 ಆರ್ಕ್‌ಸೆಕೆಂಡ್ ಸರಿಯುತ್ತವೆ. 1950ರ ನಿರ್ದೇಶಾಂಕವನ್ನು 2000ದ್ದೆಂದು ಓದಿಕೊಂಡರೆ ದೂರದರ್ಶಕವು ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಹೆಚ್ಚು ದೂರ ತಪ್ಪಿ ನೋಡಬಹುದು. ಅಂಕಿ ಸರಿಯಿರುತ್ತದೆ, ವರ್ಷ ಬರೆದಿರುವುದಿಲ್ಲ, ಅಷ್ಟೇ.

ಖಗೋಳ ವಿಜ್ಞಾನ ಈ ಪಾಠವನ್ನು ಬೇಗ ಕಲಿಯಿತೆಂದು ನನಗೆ ಹೆಮ್ಮೆ. 1981ರಲ್ಲಿ ವೆಲ್ಸ್, ಗ್ರೈಸನ್, ಹಾರ್ಟನ್ ಎಂಬ ಮೂವರು ಖಗೋಳ ದತ್ತಾಂಶವನ್ನು ಇಡುವ 'ಫಿಟ್ಸ್' ಕಡತದ ಸ್ವರೂಪವನ್ನು ಪ್ರಕಟಿಸಿದರು. ಮರುವರ್ಷವೇ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಒಪ್ಪಿತು. ಕಡತದ ತಲೆಯಲ್ಲಿ ದತ್ತಾಂಶದ ವಿವರ ಹೇಳುವ 80 ಅಕ್ಷರಗಳ ಸಾಲುಗಳು; ವಿಶೇಷ ತಂತ್ರಾಂಶದ ನೆರವಿಲ್ಲದೆ ಮನುಷ್ಯನೂ ಅವನ್ನು ಓದಬಹುದು. 2880 ಬೈಟ್‌ಗಳ ಒಂದೊಂದು ಕಟ್ಟು, ಯಾಕೆಂದರೆ ಆ ಕಾಲದ ಬಗೆಬಗೆಯ ಗಣಕಗಳೆಲ್ಲಕ್ಕೂ ಶೇಷವಿಲ್ಲದೆ ಹೊಂದುವ ಸಂಖ್ಯೆ ಅದು. ಎಲ್ಲಕ್ಕಿಂತ ದೊಡ್ಡದು ಅವರು ಹಾಕಿಕೊಂಡ ಕಟ್ಟಳೆ: ಒಮ್ಮೆ ಸಿಂಧುವಾದ ಫಿಟ್ಸ್ ಕಡತ ಎಂದೆಂದಿಗೂ ಸಿಂಧು. ನಾಲ್ಕು ದಶಕಗಳ ಹಿಂದಿನ ಕಡತ ಇವತ್ತೂ ತೆರೆಯುತ್ತದೆ. ವ್ಯಾಟಿಕನ್ ಗ್ರಂಥಾಲಯ ತನ್ನ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಲು ಇದೇ ಸ್ವರೂಪವನ್ನು ಆರಿಸಿಕೊಂಡಿತು.

ಪಟ್ಟಿಗಳ ವಿಷಯದಲ್ಲಿ ಸ್ಟ್ರಾಸ್‌ಬರ್ಗ್‌ನ ದತ್ತಾಂಶ ಕೇಂದ್ರದ್ದು ದೊಡ್ಡ ಉಪಕಾರ. 1972ರಿಂದ ಅದು ಲೋಕದ ಪಟ್ಟಿಗಳನ್ನು ಒಟ್ಟುಗೂಡಿಸುತ್ತಿದೆ. ಪ್ರತಿ ಪಟ್ಟಿಯ ಜೊತೆ ಒಂದು ವಿವರಪತ್ರ ಇರುತ್ತದೆ: ಸಾಲಿನ ಎಷ್ಟನೆಯ ಸ್ಥಾನದಿಂದ ಎಷ್ಟನೆಯದರವರೆಗೆ ಯಾವ ಅಂಕಿ, ಯಾವ ಮಾನದಲ್ಲಿ, ಎಂಬುದು. 2002ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವರ್ಚುವಲ್ ಅಬ್ಸರ್ವೇಟರಿ ಒಕ್ಕೂಟ ಈ ಪಟ್ಟಿಗಳು ಒಂದರೊಡನೊಂದು ಮಾತಾಡುವಂತೆ ಮಾಡಿತು. ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಐಯೂಕಾ ಮೂಲಕ ಭಾರತವೂ ಅದರಲ್ಲಿ ದುಡಿದಿದೆ. ಗಯಾ ಉಪಗ್ರಹದ 2022ರ ಪಟ್ಟಿಯಲ್ಲಿ ಸುಮಾರು 180 ಕೋಟಿ ಆಕರಗಳಿವೆ. ಅದನ್ನು ಯಾರೂ ಪುಟ ತಿರುವಿ ಓದಲಾರರು; ಗಣಕವೇ ಓದಬೇಕು.

ಇನ್ನು ನಮ್ಮ ಮನೆಯ ಮಾತು. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳಿನ ದತ್ತಾಂಶ ಕೇಂದ್ರದಲ್ಲಿ ಫಿಟ್ಸ್ ರೂಪದಲ್ಲಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಕೊಡೈಕನಾಲ್‌ನ ಶತಮಾನದ ಸೌರಫಲಕಗಳನ್ನು ಡಿಜಿಟಲ್ ಮಾಡಿದೆ. ಅಂಥ ಫಲಕದ ಮೇಲೆ ಬರೆದ ಸಮಯ ತಪ್ಪಿದ್ದರೆ ಸೂರ್ಯನ ಉತ್ತರ ದಿಕ್ಕೇ ತಪ್ಪುತ್ತದೆ; ಸೌರಕಲೆಗಳ ಅಕ್ಷಾಂಶವೂ ತಪ್ಪುತ್ತದೆ. ಇಷ್ಟೆಲ್ಲ ಆಗಿಯೂ ನಮ್ಮ ಎಷ್ಟೋ ಪಿಎಚ್‌ಡಿ ಪ್ರಬಂಧಗಳ ಕೋಷ್ಟಕಗಳು ಬೈಂಡಾದ ಪುಟಗಳಲ್ಲೇ ಉಳಿದಿವೆ. ಇದು ನನಗೆ ನೋವಿನ ಸಂಗತಿ. ಸಾರ್ವಜನಿಕ ಹಣದಲ್ಲಿ ಮಾಡಿದ ಅಳತೆ ಬಳಸುವ ರೂಪದಲ್ಲಿ ಎಲ್ಲರಿಗೂ ದೊರಕದಿದ್ದರೆ ಆ ಕೆಲಸ ಮುಗಿದಿಲ್ಲ ಎಂಬುದೇ ನನ್ನ ತೀರ್ಮಾನ.

ಸಂಶೋಧನಾ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇದು: ಪ್ರಬಂಧಕ್ಕೆ ಸಹಿ ಹಾಕುವ ಮುನ್ನ ಅದರ ಕೋಷ್ಟಕ ವಿವರಪತ್ರದೊಡನೆ ಸಾರ್ವಜನಿಕ ಸಂಗ್ರಹಕ್ಕೆ ಸೇರಿದೆಯೇ ಎಂದು ಕೇಳಿ. ಹವ್ಯಾಸಿ ವೀಕ್ಷಕರೇ, ನೀವು ನೋಡಿದ ನಕ್ಷತ್ರದ ಕಾಂತಿಯ ಪಕ್ಕದಲ್ಲಿ ದಿನಾಂಕ, ಗಡಿಯಾರದ ಕಾಲಮಾನ, ಬಳಸಿದ ಫಿಲ್ಟರ್ ಮೂರನ್ನೂ ಬರೆಯಿರಿ. ಯಾವುದಾದರೂ ಕಾಲೇಜಿನ ಬೀರುವಿನಲ್ಲಿ ಹಳೆಯ ವೀಕ್ಷಣೆಯ ಪುಸ್ತಕಗಳಿದ್ದರೆ ರದ್ದಿಗೆ ಹಾಕುವ ಮುನ್ನ ನಮ್ಮಲ್ಲಿ ಒಬ್ಬರಿಗೆ ತಿಳಿಸಿ.