ಬಿಲ್ಲು ಸೊನ್ನೆ, ಮೀಟರು ಸೊನ್ನೆಯಲ್ಲ



ಇಂದು ರಾತ್ರಿ ಊಟವಾದ ಮೇಲೆ ಒಂದು ಚಿಕ್ಕ ಪ್ರಯೋಗ ಮಾಡಿ. ಇದಕ್ಕೆ ಪ್ರಯೋಗಾಲಯ ಬೇಡ, ಖರ್ಚೂ ಇಲ್ಲ. ಮನೆಯ ಹಿರಿಯರಿಗೆ ಹೇಳಿ ದೀಪ, ಫ್ಯಾನು, ಇದ್ದರೆ ಫ್ರಿಜ್, ಎಲ್ಲವನ್ನೂ ಐದು ನಿಮಿಷ ಆರಿಸಿ. ಟಿ.ವಿ.ಯನ್ನು ಮಾತ್ರ ದಿನವೂ ಮಾಡುವಂತೆ ರಿಮೋಟಿನಿಂದಲೇ ಆರಿಸಿ. ಗೋಡೆಯ ಸ್ವಿಚ್ಚನ್ನು ಮುಟ್ಟಬೇಡಿ. ಬಳಿಕ ಹೊರಗೆ ಬಂದು ವಿದ್ಯುತ್ ಮೀಟರಿನ ಮುಂದೆ ನಿಲ್ಲಿ. ಈಗಿನ ಮೀಟರುಗಳಲ್ಲಿ ಒಂದು ಪುಟ್ಟ ಕೆಂಪು ದೀಪವಿರುತ್ತದೆ. ಮೀಟರನ್ನು ಮುಟ್ಟದೆ, ಆ ದೀಪವನ್ನಷ್ಟೇ ನೋಡುತ್ತಿರಿ.

ಮನೆಯೆಲ್ಲ ಕತ್ತಲೆಯಾಗಿದ್ದರೂ ಸ್ವಲ್ಪ ಹೊತ್ತಿಗೆ ಆ ದೀಪ ಒಮ್ಮೆ ಮಿಣುಕಬಹುದು. ಹಾಗಾದರೆ ಮನೆಯಲ್ಲಿ ಯಾವುದೋ ಒಂದು ಸಾಧನ ಸದ್ದಿಲ್ಲದೆ ವಿದ್ಯುತ್ ಬಳಸುತ್ತಿದೆ ಎಂದೇ ಅರ್ಥ. ಅದು ಯಾವುದು, ಎಷ್ಟು ಬಳಸುತ್ತದೆ, ಅದರಿಂದ ಯಾರಿಗೆ ಏನು ನಷ್ಟ? ಇಂದಿನ ಮಾತು ಅದರ ಬಗ್ಗೆ.

ಮೊದಲು ಲೆಕ್ಕವನ್ನು ಅರ್ಥ ಮಾಡಿಕೊಳ್ಳೋಣ. 1000 ವಾಟ್ ಸಾಮರ್ಥ್ಯದ ಉಪಕರಣ ಒಂದು ಗಂಟೆ ನಡೆದರೆ ಆಗುವ ಬಳಕೆಯೇ ಒಂದು ಯೂನಿಟ್. ಭೌತಶಾಸ್ತ್ರದ ಭಾಷೆಯಲ್ಲಿ ಅದು 36 ಲಕ್ಷ ಜೂಲ್. ಇಲ್ಲಿ ವಾಟ್ ಎಷ್ಟು ಮುಖ್ಯವೋ ಗಂಟೆಯೂ ಅಷ್ಟೇ ಮುಖ್ಯ. ದೊಡ್ಡ ಉಪಕರಣ ಸ್ವಲ್ಪ ಹೊತ್ತು, ಸಣ್ಣ ಉಪಕರಣ ಬಹಳ ಹೊತ್ತು: ಎರಡರ ಲೆಕ್ಕವೂ ಕೊನೆಗೆ ಒಂದೇ ಆಗಬಹುದು. ಮೀಟರಿನ ಫಲಕದ ಮೇಲೆ ಒಂದು ಯೂನಿಟ್ಟಿಗೆ ದೀಪ ಎಷ್ಟು ಸಲ ಮಿಣುಕುತ್ತದೆ ಎಂಬ ಸಂಖ್ಯೆ ಇರುತ್ತದೆ. ಅದು 3200 ಆಗಿದ್ದರೆ, 1000 ವಾಟ್‌ನ ಇಸ್ತ್ರಿಪೆಟ್ಟಿಗೆ ಕಾಯುವಾಗ ದೀಪ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿಣುಕುತ್ತದೆ. 10 ವಾಟ್‌ನ ಬಳಕೆಯಿದ್ದರೆ ಸುಮಾರು ಎರಡು ನಿಮಿಷಕ್ಕೊಮ್ಮೆ.

ಕತ್ತಲೆಯ ಮನೆಯಲ್ಲಿ ಕಾಣುವ ಆ ಮಿಣುಕಿಗೆ ಅನೇಕ ಮನೆಗಳಲ್ಲಿ ಕಾರಣ ಟಿ.ವಿ. ಪಕ್ಕದ ಸೆಟ್-ಟಾಪ್ ಬಾಕ್ಸ್. ರಿಮೋಟಿನಿಂದ ಆರಿಸಿದರೆ ಪರದೆ ಆರುತ್ತದೆ, ಆದರೆ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ಹೀಗೆ ಸುಮ್ಮನಿರುವಾಗಲೂ 10 ವಾಟ್‌ನಷ್ಟು ಬಳಸುವ ಪೆಟ್ಟಿಗೆಗಳು ಅಪರೂಪವಲ್ಲ. ದಿನಕ್ಕೆ 20 ಗಂಟೆ ಹಾಗೇ ಇದ್ದರೆ 200 ವಾಟ್-ಗಂಟೆ. ತಿಂಗಳಿಗೆ 6 ಯೂನಿಟ್.

ಆರು ಯೂನಿಟ್ ಎಂದರೆ ಎಷ್ಟು? ನಮ್ಮ ರಾಜ್ಯದಲ್ಲಿ 1979ರಲ್ಲಿ ಭಾಗ್ಯಜ್ಯೋತಿ ಯೋಜನೆ ಆರಂಭವಾಯಿತು. ಬಡವರ ಮನೆಗೆ ಒಂದು ದೀಪದ ಸಂಪರ್ಕ ಕೊಡುವ ಯೋಜನೆ ಅದು. ಆ ದೀಪ 40 ವಾಟ್‌ನ ಬಲ್ಬು. ಸಂಜೆಯಿಂದ ಐದು ಗಂಟೆ ಉರಿದರೆ 200 ವಾಟ್-ಗಂಟೆ, ತಿಂಗಳಿಗೆ ಸರಿಯಾಗಿ 6 ಯೂನಿಟ್. ಯಾವ ಬೆಳಕಿನಲ್ಲಿ ಒಂದು ಕುಟುಂಬ ಅಡಿಗೆ ಮಾಡಿ, ಉಂಡು, ಮಕ್ಕಳನ್ನು ಓದಲು ಕೂರಿಸುತ್ತಿತ್ತೋ, ಆ ಬೆಳಕಿನ ವಿದ್ಯುತ್ತನ್ನು ಇಂದು ಯಾರೂ ನೋಡದ ಪೆಟ್ಟಿಗೆಯೊಂದು ತಿಂದುಹಾಕುತ್ತಿದೆ. ದೂರದರ್ಶನಕ್ಕೆ ಕಾರ್ಯಕ್ರಮ ತಯಾರಿಸುವ ನಾನೇ ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಕಾರ್ಯಕ್ರಮವನ್ನು ಖಂಡಿತ ನೋಡಿ. ಮುಗಿದ ಮೇಲೆ ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನು ಆರಿಸಿ. ನನ್ನ ಕೋರಿಕೆ ಇಷ್ಟೆ.

“ಆದರೆ ನಮ್ಮ ಬಿಲ್ಲು ಸೊನ್ನೆ ಬರುತ್ತದಲ್ಲ?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ಲಕ್ಷಾಂತರ ಮನೆಗಳಿಗೆ ನಿರಾಳವಾಗಿದೆ. ಆ ಯೋಜನೆಯಲ್ಲೂ ಮಿತಿಯುಂಟು: ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಪ್ರತಿ ಮನೆಗೂ ಒಂದು ಪ್ರಮಾಣವನ್ನು ಗೊತ್ತುಮಾಡಲಾಯಿತು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಬಿಲ್ಲು ಸೊನ್ನೆಯಾದರೂ ಮೀಟರು ಸೊನ್ನೆಯಾಗುವುದಿಲ್ಲ. ಹಣವನ್ನು ಯಾರೇ ಕೊಡಲಿ, ವಿದ್ಯುತ್ತನ್ನು ಎಲ್ಲೋ ಒಂದು ಕಡೆ ಉತ್ಪಾದಿಸಲೇಬೇಕು.

ಎಲ್ಲಿ ಉತ್ಪಾದಿಸುತ್ತಾರೆ? ಕೆರೂರಿನ ಬೀದಿಯಲ್ಲಿ ನಿಂತು ಯೋಚಿಸೋಣ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರಿದು. ಇಲ್ಲಿಂದ ಉತ್ತರಕ್ಕೆ, ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನಲ್ಲಿ 290 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಕೇಂದ್ರವಿದೆ. ನದಿಯ ಆಚೆಗೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟ್‌ನ ಶಾಖೋತ್ಪನ್ನ ಕೇಂದ್ರವಿದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ; ಹೊರರಾಜ್ಯಗಳಿಂದ ರೈಲಿನಲ್ಲಿ ತರಬೇಕು. ಒಂದು ಯೂನಿಟ್ಟಿಗೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಸುಡುತ್ತದೆ. ನೀರಿನ ಲೆಕ್ಕ ಬೇಕೆ? ಜೋಗದ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬೀಳುವ ನೀರಿನ ಶಕ್ತಿಯೆಲ್ಲ ಒಂದಿಷ್ಟೂ ನಷ್ಟವಾಗದೆ ವಿದ್ಯುತ್ತಾಗುತ್ತದೆ ಎಂದುಕೊಂಡರೂ, ಒಂದು ಯೂನಿಟ್ಟಿಗೆ ಸುಮಾರು 1450 ಲೀಟರ್ ನೀರು ಬೇಕು. ಅಂದರೆ 200 ಲೀಟರಿನ ಏಳು ಬ್ಯಾರಲ್. ಆಲಮಟ್ಟಿಯಲ್ಲಿ ನೀರು ಬೀಳುವ ಎತ್ತರ ಅದಕ್ಕಿಂತ ಬಹಳ ಕಡಿಮೆ. ಅಲ್ಲಿ ಇನ್ನೂ ಎಷ್ಟೋ ಪಟ್ಟು ನೀರು ಬೇಕು.

ಈ ನೀರು ಬಾರದ ವರ್ಷ ಏನಾಗುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮಳೆಯಿಲ್ಲದ್ದರಿಂದ ಜಲಾಶಯಗಳಿಗೆ ನೀರು ಬರಲಿಲ್ಲ. ಮಳೆಯಿಲ್ಲದ್ದರಿಂದಲೇ ರೈತರು ಪಂಪ್‌ಸೆಟ್ಟುಗಳನ್ನು ಹೆಚ್ಚು ಹೊತ್ತು ನಡೆಸಬೇಕಾಯಿತು. ಉತ್ಪಾದನೆ ಇಳಿಯಿತು, ಬೇಡಿಕೆ ಏರಿತು. ಆ ಅಕ್ಟೋಬರಿನಲ್ಲಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಕೊಡುತ್ತಿದ್ದ ಮೂರು ಫೇಸ್ ವಿದ್ಯುತ್ತು ಕೆಲಕಾಲ 5 ಗಂಟೆಗೆ ಇಳಿಯಿತು. ಬೆಳೆ ಒಣಗುವ ಹೊತ್ತಿನಲ್ಲಿ ಎರಡು ಗಂಟೆಯ ನೀರು ಹೋಯಿತೆಂದರೆ ಏನೆಂಬುದು ರೈತರ ಮನೆಯ ಮಕ್ಕಳಿಗೆ ವಿವರಿಸಬೇಕಾಗಿಲ್ಲ.

ಒಂದು ಸಾವಿರ ಲೀಟರ್ ನೀರನ್ನು 500 ಅಡಿ ಆಳದ ಕೊಳವೆಬಾವಿಯಿಂದ ಮೇಲೆತ್ತಲು, ಪಂಪಿನ ನಷ್ಟಗಳನ್ನೂ ಸೇರಿಸಿದರೆ, ಸುಮಾರು ಒಂದು ಯೂನಿಟ್ ಬೇಕಾಗುತ್ತದೆ. ಆ ಪೆಟ್ಟಿಗೆ ತಿಂಗಳಲ್ಲಿ ತಿನ್ನುವ ಆರು ಯೂನಿಟ್ಟು ಒಂದು ಉಳ್ಳಾಗಡ್ಡಿ ಹೊಲದ ಆರು ಸಾವಿರ ಲೀಟರ್ ನೀರಿಗೆ ಸಮ. ನೀವು ಉಳಿಸಿದ ಯೂನಿಟ್ಟು ನೇರವಾಗಿ ಪಕ್ಕದ ಹೊಲಕ್ಕೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಎಲ್ಲರ ತಂತಿಗಳೂ ಸೇರುವುದು ಒಂದೇ ಜಾಲಕ್ಕೆ. ಎಲ್ಲ ಮನೆಗಳ ಬೇಡಿಕೆ ಸೇರಿಯೇ ಕೊರತೆ ಎಷ್ಟು ಎಂಬುದು ನಿರ್ಧಾರವಾಗುತ್ತದೆ. ಆ ಕೊರತೆಯ ಬಿಸಿ ಮೊದಲು ತಟ್ಟುವುದು ಹೊಲಕ್ಕೆ.

ಬಳಸುವ ಹೊತ್ತೂ ಮುಖ್ಯ. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವೊಂದೇ 2050 ಮೆಗಾವಾಟ್ ಸಾಮರ್ಥ್ಯದ್ದು. ಆದರೆ ಸೂರ್ಯ ಮುಳುಗಿದ ಮೇಲೆ ಅಲ್ಲಿ ಉತ್ಪಾದನೆಯಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಪ್ರತಿ ಮನೆಯಲ್ಲೂ ದೀಪ, ಟಿ.ವಿ., ಮಿಕ್ಸರ್ ಶುರುವಾಗುತ್ತವೆ. ಆದ್ದರಿಂದ ಇಸ್ತ್ರಿ ಮಾಡುವುದು, ಮಾಳಿಗೆಯ ಮೇಲಿನ ಟಾಕಿ ತುಂಬಿಸುವುದು, ಚಟ್ನಿಪುಡಿ ಕುಟ್ಟಿ ಬೀಸುವುದು, ಇವನ್ನೆಲ್ಲ ಹಗಲಿನಲ್ಲೇ ಮುಗಿಸಿ. ಇಸ್ತ್ರಿಯನ್ನು ದಿನಕ್ಕೊಂದು ಅಂಗಿಯಂತೆ ಮಾಡದೆ ವಾರದ್ದನ್ನೆಲ್ಲ ಒಮ್ಮೆಗೇ ಮಾಡಿ. ಪೆಟ್ಟಿಗೆಯನ್ನು ಮತ್ತೆ ಮತ್ತೆ ಕಾಯಿಸುವ ಖರ್ಚು ಉಳಿಯುತ್ತದೆ.

ದೀಪದ ವಿಷಯದಲ್ಲಿ ನಾವು ಬಹಳ ಮುಂದೆ ಬಂದಿದ್ದೇವೆ. ತಂತಿ ಕೆಂಪಗೆ ಕಾದು ಉರಿಯುವ ಹಳೆಯ ಬಲ್ಬು ತಾನು ತಿಂದದ್ದರಲ್ಲಿ ಶೇಕಡ 90ಕ್ಕೂ ಹೆಚ್ಚನ್ನು ಶಾಖವಾಗಿಯೇ ಕಳೆಯುತ್ತಿತ್ತು. 2015ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಬಂದು 9 ವಾಟ್‌ನ ಎಲ್‌ಇಡಿ ಬಲ್ಬುಗಳು ಕಡಿಮೆ ಬೆಲೆಗೆ ಮನೆಮನೆ ತಲುಪಿದವು. ಹಳೆಯ 60 ವಾಟ್ ಬಲ್ಬಿಗಿಂತ ಇದರ ಬೆಳಕು ಕಡಿಮೆಯಿಲ್ಲ. ಇನ್ನು ಫ್ಯಾನು. ಹಳೆಯ ಫ್ಯಾನುಗಳು 75 ವಾಟ್‌ನಷ್ಟು ಬಳಸಿದರೆ, ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನುಗಳಿಗೆ 30 ವಾಟ್ ಸಾಕು. 2023ರ ಜನವರಿಯಿಂದ ಫ್ಯಾನುಗಳ ಮೇಲೂ ನಕ್ಷತ್ರದ ಗುರುತು ಕಡ್ಡಾಯವಾಗಿದೆ. ಮನೆಗೆ ಹೊಸ ಫ್ಯಾನು ತರುವಾಗ ಆ ಗುರುತು ನೋಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಆದರೆ ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ. ನಮ್ಮ ಮೈಯ ಬೆವರನ್ನು ಆರಿಸಿ ನಮ್ಮನ್ನಷ್ಟೇ ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗಿ ಪ್ರಯೋಜನವಿಲ್ಲ.

ಕೋಣೆಯನ್ನು ತಂಪಾಗಿಡುವ ವಿದ್ಯೆ ನಮ್ಮ ಹಿರಿಯರಿಗೆ ಗೊತ್ತಿತ್ತು. ಬಾದಾಮಿ ಸುತ್ತಿನ ಮರಳುಗಲ್ಲಿನ ಪದರವೊಂದಕ್ಕೆ ಭೂವಿಜ್ಞಾನಿಗಳು ಕೆರೂರಿನ ಹೆಸರನ್ನೇ ಇಟ್ಟಿದ್ದಾರೆ. ಈ ಸೀಮೆಯ ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಅದರ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ: ಹೊರಗಿನ ಬಿಸಿಲು ಒಳಗೆ ಇಳಿಯುವುದರಲ್ಲಿ ಸಂಜೆಯಾಗುತ್ತಿತ್ತು, ಹಗಲಿನಲ್ಲಿ ದೀಪವೂ ಬೇಕಿರಲಿಲ್ಲ. ಸಿಮೆಂಟಿನ ತೆಳು ಛಾವಣಿ ಹೀಗಲ್ಲ. ಅದು ಮಧ್ಯಾಹ್ನಕ್ಕೆಲ್ಲ ಕಾದು ರಾತ್ರಿಯಿಡೀ ಒಳಗೆ ಬಿಸಿ ಉಗುಳುತ್ತದೆ. ಬೇಸಿಗೆಗೆ ಮುನ್ನ ಛಾವಣಿಗೆ ಬಿಳಿಯ ಸುಣ್ಣ ಬಳಿದು ನೋಡಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಇನ್ನು ಅಡಿಗೆಮನೆ. ನಮ್ಮ ಭಾಗದ ಕೋಡೊಲೆಯನ್ನು ನೋಡಿದ್ದೀರಲ್ಲವೇ? ಮುಂದಿನ ಬಾಯಿಯ ಮೇಲೆ ರೊಟ್ಟಿಯ ಹಂಚು, ಪಕ್ಕದ ಕೋಡಿನ ಮೇಲೆ ಬೇಳೆಯ ಗಡಿಗೆ. ರೊಟ್ಟಿಗೆ ಹಾಕಿದ ಉರಿಯ ಉಳಿದ ಶಾಖದಲ್ಲೇ ಬೇಳೆ ಬೇಯುತ್ತದೆ. ಓದುಬರಹ ಬಾರದ ಅಜ್ಜಿಯರಿಗೂ ಗೊತ್ತಿದ್ದ ಶಕ್ತಿ ಉಳಿತಾಯವಿದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಇದೇ ತತ್ತ್ವವನ್ನು ಮುಂದುವರಿಸಿ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ರೂಪಿಸಿದರು. ಸಾಮಾನ್ಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತಿದ್ದರೆ, ಪ್ರಯೋಗಾಲಯದಲ್ಲಿ ಅಸ್ತ್ರ ಒಲೆ ಅದರ ಮೂರು ನಾಲ್ಕು ಪಟ್ಟನ್ನು ಸೇರಿಸಿತು. ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತಿತ್ತು. ಒಲೆಯ ಮುಂದೆ ಕುಳಿತ ತಾಯಿಯ ಕಣ್ಣು, ಎದೆಗೂಡುಗಳಿಗೆ ಇದು ಎಷ್ಟು ದೊಡ್ಡ ಉಪಕಾರ!

ಈಗ ಎಷ್ಟೋ ಮನೆಗಳಿಗೆ ಗ್ಯಾಸ್ ಬಂದಿದೆ. ಅಲ್ಲೂ ಭೌತಶಾಸ್ತ್ರ ಅದೇ. ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಅದರ ಉಷ್ಣತೆ ಏರುವುದಿಲ್ಲ. ಬೇಳೆ ಬೇಗ ಬೇಯುವುದೂ ಇಲ್ಲ. ಹೆಚ್ಚಿನ ಗ್ಯಾಸೆಲ್ಲ ಉಗಿ ಮಾಡಲಿಕ್ಕೇ ಖರ್ಚಾಗುತ್ತದೆ. ಒಂದು ಲೀಟರ್ ಕುದಿಯುವ ನೀರನ್ನು ಪೂರ್ತಿ ಉಗಿಯಾಗಿಸಲು ಬೇಕಾದ ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಆದ್ದರಿಂದ ಕುದಿ ಬಂದೊಡನೆ ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಮಡಿಕೆ, ಕಡಲೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಕುಕ್ಕರಿನಲ್ಲಿ ಒತ್ತಡದಿಂದ ನೀರು 120 ಡಿಗ್ರಿಯ ಸಮೀಪಕ್ಕೆ ಹೋಗುವುದರಿಂದ ಕಾಳು ಬೇಗ ಬೇಯುತ್ತದೆ. ಜಳಕಕ್ಕೆ 20 ಲೀಟರಿನ ಒಂದು ಕೊಡಪಾನ ನೀರನ್ನು 20 ಡಿಗ್ರಿ ಬಿಸಿ ಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಮಾಳಿಗೆಯ ಮೇಲೆ ಬಿಸಿಲಿನಲ್ಲಿಟ್ಟ ಕಪ್ಪು ಪಾತ್ರೆಗೆ ಅದೇ ಕೆಲಸ ಪುಕ್ಕಟೆ.

ಇವುಗಳಲ್ಲಿ ಯಾವುದೂ ಕಷ್ಟದ ಕೆಲಸವಲ್ಲ. ಕಷ್ಟವಿರುವುದು ನೆನಪಿಟ್ಟು ಮಾಡುವುದರಲ್ಲಿ. ಅದಕ್ಕಾಗಿ ಒಂದು ಹಳೆಯ ನೋಟುಬುಕ್ ತೆಗೆದುಕೊಳ್ಳಿ. ಏಳು ದಿನ, ಪ್ರತಿ ಸಂಜೆ ಒಂದೇ ಹೊತ್ತಿಗೆ ಮೀಟರಿನ ಅಂಕಿಯನ್ನು ಬರೆಯಿರಿ. ಮುಂದಿನ ಏಳು ದಿನ ಇಲ್ಲಿ ಹೇಳಿದವುಗಳಲ್ಲಿ ನಿಮಗೆ ಸಾಧ್ಯವಾದ ಮೂರನ್ನು ಮಾಡಿ, ಮತ್ತೆ ಬರೆಯಿರಿ. ಎರಡು ವಾರಗಳ ವ್ಯತ್ಯಾಸವನ್ನು ಮನೆಯವರ ಮುಂದೆ ಓದಿ ಹೇಳಿ. ಉಪದೇಶಕ್ಕೆ ಕಿವಿಗೊಡದ ದೊಡ್ಡವರೂ ಅಂಕಿಗೆ ಕಿವಿಗೊಡುತ್ತಾರೆ. ಹಾಗೆಯೇ ಉಳಿದ ಯೂನಿಟ್ಟಿನ ಎದುರಿಗೆ ಇನ್ನೊಂದು ಸಂಖ್ಯೆಯನ್ನೂ ಬರೆಯಿರಿ: ಯೂನಿಟ್ಟಿಗೆ ಒಂದು ಸಾವಿರದಂತೆ, ಲೀಟರ್ ಲೆಕ್ಕದಲ್ಲಿ, ಹೊಲದ ನೀರು.

ಮೊದಲ ಅಂಕಿಯನ್ನು ಇಂದೇ ಬರೆಯಿರಿ.