ಯಕೃತ್ತಿನ ರೋಗಿ ಮತ್ತು ರಕ್ತನಾಳ ಚಿಕಿತ್ಸೆಯ ನಂತರದ ಜ್ವರ



ಕರುಳಿನಿಂದ ಹೊರಟ ರಕ್ತವು ಪೋರ್ಟಲ್ ವೇನ್ ಎಂಬ ನಾಳದ ಮೂಲಕ ಯಕೃತ್ತನ್ನು ಸೇರುತ್ತದೆ. ಆ ರಕ್ತದೊಡನೆ ನುಸುಳಿದ ರೋಗಾಣುಗಳನ್ನು ಅಲ್ಲಿಯ ಕುಪ್ಫರ್ ಜೀವಕೋಶಗಳು ನುಂಗಿಹಾಕುತ್ತವೆ. ಸಿರೋಸಿಸ್‌ನಿಂದ ಯಕೃತ್ತು ಗಡುಸಾದಾಗ ಈ ಸೋಸುವಿಕೆಯೇ ಕುಂಠಿತವಾಗುತ್ತದೆ. ಆದುದರಿಂದ ಇಂತಹ ರೋಗಿಗೆ ಮಾಡುವ ರಕ್ತನಾಳದ ಚಿಕಿತ್ಸೆಯಲ್ಲಿ ಚರ್ಮದ ಮೇಲಿನ ರಂಧ್ರ ಸಣ್ಣದಾದರೂ ಸೋಂಕಿನ ಭಯ ಸಣ್ಣದಲ್ಲ.

ದೆಹಲಿಯ ವಸಂತಕುಂಜದಲ್ಲಿ ಯಕೃತ್ತಿಗೆಂದೇ ಮೀಸಲಾದ ಇನ್‌ಸ್ಟಿಟ್ಯೂಟ್ ಆಫ್ ಲಿವರ್ ಅಂಡ್ ಬಿಲಿಯರಿ ಸೈನ್ಸಸ್ ಇದೆ. ಇಂತಹ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ ಚಿಕಿತ್ಸೆಗಳಲ್ಲೊಂದು 'ಟಿಪ್ಸ್'. 1988ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಸ್ಟೆಂಟ್ ಇರಿಸಿ ಇದನ್ನು ಮೊದಲು ಮಾಡಲಾಯಿತು. ಕುತ್ತಿಗೆಯ ಅಭಿಧಮನಿಯಿಂದ ಇಳಿದು ಯಕೃತ್ತಿನೊಳಗೆ ರಕ್ತಕ್ಕೆ ಬದಲಿ ಮಾರ್ಗವನ್ನು ನಿರ್ಮಿಸುತ್ತಾರೆ. ಒತ್ತಡ ಇಳಿಯುತ್ತದೆ, ರಕ್ತವಾಂತಿ ನಿಲ್ಲುತ್ತದೆ; ಆದರೆ ಬೈಪಾಸ್ ಹಳಿಯ ಮೇಲೆ ಓಡುವ ಗಾಡಿಯಂತೆ ರಕ್ತವು ಸೋಸುವ ನಿಲ್ದಾಣವನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಅಪರೂಪಕ್ಕೆ ಸ್ಟೆಂಟಿನಲ್ಲಿಯೇ ಸೋಂಕು ನೆಲೆಯೂರಿ, ತಿಂಗಳುಗಳ ನಂತರವೂ ಜ್ವರ ಮರುಕಳಿಸುವುದುಂಟು.

ಮತ್ತೊಂದು 'ಟೇಸ್'. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯ ಮೂಲಕ ಯಕೃತ್ತಿನ ಕ್ಯಾನ್ಸರ್ ಗಡ್ಡೆಗೆ ಔಷಧಿಯನ್ನು ತಲುಪಿಸಿ, ಅದರ ರಕ್ತಪೂರೈಕೆಯನ್ನು ತಡೆಯುತ್ತಾರೆ. ಬಳಿಕ ಕೆಲವು ದಿನ ಜ್ವರ, ನೋವು, ವಾಕರಿಕೆ ಸಾಮಾನ್ಯ. ಸೋಂಕಿಲ್ಲದೆಯೂ ಇವು ಬರುತ್ತವೆ. ತೊಡಕಿರುವುದೇ ಇಲ್ಲಿ. ಸತ್ತ ಅಂಗಾಂಶದಲ್ಲಿ ಕೀವುಗಟ್ಟಿದಾಗಲೂ ಜ್ವರವೇ ಮುಂದಾಗಿ ಕಾಣಿಸುತ್ತದೆ. "ಜ್ವರ ಬರುತ್ತದೆಂದು ಡಾಕ್ಟರೇ ಹೇಳಿದ್ದರಲ್ಲ" ಎಂದು ಮನೆಯವರು ಸುಮ್ಮನಿದ್ದರೆ ಅಮೂಲ್ಯವಾದ ದಿನಗಳು ಕಳೆದುಹೋಗುತ್ತವೆ. ಇಳಿದ ಜ್ವರ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಚಳಿನಡುಕದೊಡನೆ ಮರಳಿದರೆ ಅದನ್ನು ಸಾಮಾನ್ಯವೆಂದು ಭಾವಿಸಲಾಗದು.

ಹಿಂದೆ ಪಿತ್ತನಾಳವನ್ನು ಕರುಳಿಗೆ ಜೋಡಿಸಿದ ಶಸ್ತ್ರಚಿಕಿತ್ಸೆಯಾಗಿದ್ದವರಿಗೆ, ಅಥವಾ ಆ ನಾಳದಲ್ಲಿ ಸ್ಟೆಂಟ್ ಇರುವವರಿಗೆ, ಈ ಅಪಾಯ ಹಲವು ಪಟ್ಟು ಹೆಚ್ಚು. ಕರುಳಿನ ರೋಗಾಣುಗಳು ಮೇಲೇರದಂತೆ ಕಾಯುವ ಸಹಜ ಬಾಗಿಲು ಅವರಲ್ಲಿ ಇಲ್ಲವಾಗಿರುತ್ತದೆ. ಊರಿನಿಂದ ನೊಯಿಡಾಕ್ಕೋ ಗುರುಗ್ರಾಮಕ್ಕೋ ಮಕ್ಕಳ ಮನೆಗೆ ಬಂದ ಹಿರಿಯರ ಹಳೆಯ ಆಪರೇಷನ್ ಕಾಗದಗಳು ಸಾಮಾನ್ಯವಾಗಿ ಊರಿನ ಟ್ರಂಕಿನಲ್ಲಿಯೇ ಉಳಿದಿರುತ್ತವೆ! ಅವನ್ನು ತರಿಸಿ, ಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತೋರಿಸತಕ್ಕದ್ದು.

ಕೆಲವರಲ್ಲಿ ಜ್ವರವೇ ಕಾಣಿಸದೆ, ಮಂಪರು, ಅಸಂಬದ್ಧ ಮಾತು, ಮೂತ್ರದ ಇಳಿಕೆ ಇವೇ ಸೋಂಕಿನ ಸೂಚನೆಗಳಾಗುತ್ತವೆ. ಅಂಗಡಿಯಿಂದ ತಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಇವರ ಮೂತ್ರಪಿಂಡಗಳಿಗೆ ಹಾನಿಕರ. ಆಂಟಿಬಯಾಟಿಕ್ಕನ್ನೂ ತಾವಾಗಿ ನುಂಗಬಾರದು. ನುಂಗಿದರೆ ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಕ್ಕದೆ ಹೋಗಬಹುದು. ಬೇಗನೆ ಪತ್ತೆಯಾದ ಕೀವನ್ನು ಬಹುಮಟ್ಟಿಗೆ ಹೊಟ್ಟೆ ಕೊಯ್ಯದೆಯೇ, ಅಲ್ಟ್ರಾಸೌಂಡ್ ನೋಡುತ್ತ ತೆಳುವಾದ ನಳಿಕೆಯಿಂದ ಹೊರತೆಗೆಯಬಹುದಾಗಿದೆ.