ಎಲ್ಲರಿಗೂ ಒಮ್ಮೆಗೇ ತಲಪುವ ಪಾಠ



1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರವು 'ಆಕಾಶವಾಣಿ'ಯೆಂದು ಹೆಸರಾಯಿತೆಂಬುದನ್ನು ನಾವೆಲ್ಲ ಬಲ್ಲೆವು. ಕೇಳುವವರು ಹತ್ತು ಮಂದಿಯಿರಲಿ, ಹತ್ತು ಸಾವಿರವಿರಲಿ, ಬಾನುಲಿಯಲ್ಲಿ ಹೇಳುವವನ ಶ್ರಮ ಒಂದೇ.

ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು, ಕೇರಳದಲ್ಲಿ 'ಫಸ್ಟ್ ಬೆಲ್' ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಮೊದಲಾದುವು. ನಮ್ಮ ಕಾಸರಗೋಡಿನ ಕನ್ನಡ ಮಕ್ಕಳಿಗೆ ಯೂಟ್ಯೂಬಿನ ಮೂಲಕವೂ ಪಾಠಗಳು ಬಂದುವು. ಇಲ್ಲಿಯ ರೀತಿ ಬೇರೆ. ನೋಡುವ ಪ್ರತಿಯೊಂದು ಮನೆಗೂ ಪಾಠದ ಪ್ರತ್ಯೇಕ ಪ್ರತಿಯೇ ಹೋಗಬೇಕು. ಒಂದೇ ಟವರಿನ ಆಸರೆಯಲ್ಲಿ ನೂರು ಮನೆಯವರು ಏಕಕಾಲದಲ್ಲಿ ನೋಡತೊಡಗಿದರೆ ದಾರಿ ಇಕ್ಕಟ್ಟಾಗುವುದು.

ಹಾಗಾದರೆ ಒಂದೇ ಪ್ರತಿಯನ್ನು ಬೇಕಾದವರೆಲ್ಲರಿಗೂ ಒಮ್ಮೆಗೇ ಕಳುಹಬಾರದೇ? ಕಳುಹಬಹುದು, ಅದಕ್ಕೆ ಮಲ್ಟಿಕಾಸ್ಟ್ ಎನ್ನುವರು. ಆದರೆ ವೈಫೈಯಲ್ಲಿ ಅದಕ್ಕೊಂದು ತೊಡಕಿದೆ. ಒಬ್ಬನಿಗೆ ಕಳುಹಿದ ತುಣುಕು ಮುಟ್ಟಿದೊಡನೆ 'ತಲಪಿತು' ಎಂಬ ಮರುನುಡಿ ಬರುತ್ತದೆ. ಬಾರದಿದ್ದರೆ ಯಂತ್ರವು ಅದನ್ನೇ ಮತ್ತೆ ಕಳುಹುತ್ತದೆ. ಎಲ್ಲರಿಗೂ ಕಳುಹಿದ ತುಣುಕಿಗೆ ಮರುನುಡಿಯಿಲ್ಲ, ತಪ್ಪಿದರೆ ತಪ್ಪಿತು. ಆದುದರಿಂದ, ಉಕ್ತಲೇಖನ ಬರೆಸುವ ಗುರುಗಳು ಹಿಂದಿನ ಬೆಂಚಿನವನಿಗಾಗಿ ನಿಧಾನವಾಗಿ ಓದುವಂತೆ, ಅದನ್ನು ಬಹಳ ಮೆಲ್ಲನೆ ಕಳುಹುವರು. ಆಗ ಎಲ್ಲರೂ ಕಾಯಬೇಕಾಗುತ್ತದೆ.

ಇದಕ್ಕೆ ಗಣಿತದಲ್ಲಿ ಉಪಾಯವಿದೆ. ಮಕ್ಕಳೇ, 7 ಮತ್ತು 5 ಎಂಬ ಎರಡು ಸಂಖ್ಯೆಗಳೊಡನೆ ಅವುಗಳ ಮೊತ್ತ 12ನ್ನೂ ಕಳುಹಿರಿ. ಮೂರರಲ್ಲಿ ಯಾವುದೊಂದು ಕಳೆದರೂ ಉಳಿದೆರಡರಿಂದ ಅದನ್ನು ತಿಳಿಯಬಹುದು. ಒಬ್ಬನಿಗೆ 7 ತಪ್ಪಲಿ, ಇನ್ನೊಬ್ಬನಿಗೆ 5 ತಪ್ಪಲಿ, ಆ ಒಂದೇ 12 ಇಬ್ಬರ ಕೊರತೆಯನ್ನೂ ತುಂಬುವುದು! ಇಂಜಿನಿಯರುಗಳು ಪಾಠದ ತುಣುಕುಗಳಿಗೆ ಇಂಥ ಹೆಚ್ಚಿನ ತುಣುಕುಗಳನ್ನು ಸೇರಿಸುತ್ತಾರೆ. ಕೇಳುವವರು ಬೆರಳೆಣಿಕೆಯಷ್ಟೇ ಇದ್ದರೆ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕಳುಹುವುದೇ ಲೇಸು.

ಎಷ್ಟು ಹೆಚ್ಚಿನ ತುಣುಕು ಬೇಕೆಂಬುದನ್ನು ಹತ್ತಿರದವನನ್ನು ನೋಡಿ ನಿಶ್ಚಯಿಸಿದರೆ ಸಾಲದು. ಸಿಗ್ನಲ್ ಕ್ಷೀಣವಾಗಿರುವ ಮನೆಯನ್ನು ನೋಡಿಯೇ ನಿಶ್ಚಯಿಸಬೇಕು. ಗುಡ್ಡದ ಮರೆಯ ಆ ಮನೆಯಲ್ಲಿಯೂ ಕನ್ನಡ ಓದುವ ಮಗುವಿರಬಹುದು. ಅದಕ್ಕೂ ಪಾಠವು ಪೂರ್ತಿಯಾಗಿ ತಲಪಿದಾಗಲೇ 'ಎಲ್ಲರಿಗೂ' ಎಂಬ ಮಾತು ಸಾರ್ಥಕವಾದೀತು. ಈ ವಿದ್ಯೆಯನ್ನು ಮುಂದೆ ನಿಮ್ಮಲ್ಲಿ ಕೆಲವರಾದರೂ ಕಲಿತು ಬೆಳೆಸುವಂತಾಗಲೆಂದು ಹಾರೈಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.